ತೆಬೋರಾಳ ಚಾಪೆ

ನಮ್ಮ ದ್ವೀಪದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಎಚ್ಚರವಾಗಿರುವುದು ತೆಬೋರಾ ಮತ್ತು ಅವಳ ಚಾಪೆಯ ಮೇಲಿನ ಫೋನುಗಳು ಮಾತ್ರ. ಆ ಹೊತ್ತಿಗೆ ನಾಯಿಗಳೂ ತೆಂಗಿನ ನೆರಳಲ್ಲಿ ಕಾಲು ಚಾಚಿರುತ್ತವೆ. ನಾನು ಕೌನ್ಸಿಲ್ ಕಚೇರಿಯಲ್ಲಿ ಇರುತ್ತೇನೆ. ಕಣ್ಣು ತೆರೆದವನ ಹಾಗೆ ಕೂತು ನಿದ್ದೆ ಮಾಡುವುದೊಂದನ್ನು ಇಪ್ಪತ್ತಾರು ವರ್ಷದ ಸರ್ಕಾರಿ ಸೇವೆಯಲ್ಲಿ ಚೆನ್ನಾಗಿ ಕಲಿತಿದ್ದೇನೆ.

ಆರು ವರ್ಷದ ಹಿಂದಿನವರೆಗೂ ನಾನು ಊರಿಗೆ ಬೇಕಾದ ಮನುಷ್ಯನಾಗಿದ್ದೆ. ರೇಡಿಯೋ ನನ್ನ ಕೈಯಲ್ಲಿತ್ತು. ರಾಜಧಾನಿ ತರಾವಾದಿಂದ ಹಡಗು ಹೊರಟಿತೋ ಇಲ್ಲವೋ, ಯಾರಿಗೆ ಮಗು ಆಯಿತು, ಯಾರು ತೀರಿಕೊಂಡರು, ಎಲ್ಲವೂ ನನ್ನ ಬಾಯಿಂದಲೇ ಊರಿಗೆ ಇಳಿಯಬೇಕಿತ್ತು. ಇಳಿಯುವಾಗ ಸ್ವಲ್ಪ ಉಪ್ಪು ಖಾರ ಹತ್ತುತ್ತಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಯಾವುದೋ ದೂರದ ದೇಶದ ದಾನಿಗಳು ಶಾಲೆಯ ಚಾವಣಿಯ ಮೇಲೆ ಒಂದು ಬಿಳಿ ತಟ್ಟೆ ಕೂರಿಸಿ ಹೋದರು. ಊರಿಗೆ ಇಂಟರ್ನೆಟ್ ಬಂತು. ನನ್ನ ರೇಡಿಯೋದಲ್ಲಿ ಜೇಡ ಮನೆ ಕಟ್ಟಿತು. ಆದರೂ ಜನ ನನ್ನನ್ನು ಇನ್ನೂ 'ರೇಡಿಯೋ' ಎಂದೇ ಕರೆಯುತ್ತಾರೆ, ಸತ್ತ ನಾಯಿಯನ್ನು ಹೆಸರು ಹಿಡಿದು ನೆನೆಯುವ ಹಾಗೆ.

ತಟ್ಟೆಗೆ ಕರೆಂಟು ಸೂರ್ಯನಿಂದ. ಬೆಳಗ್ಗೆ ಒಂಬತ್ತಕ್ಕೆ ಕಣ್ಣುಜ್ಜಿ ಏಳುತ್ತದೆ, ನಡು ಮಧ್ಯಾಹ್ನ ಮೈತುಂಬ ಉಸಿರಾಡುತ್ತದೆ, ನಾಲ್ಕಕ್ಕೆ ಸುಸ್ತು. ಇಷ್ಟರಲ್ಲಿ ಊರಿಗೆ ಊರೇ ಅದರಿಂದ ಕುಡಿಯಬೇಕು. ಒಂದು ಹಾಡು ಇಳಿಯಲು ಒಂದು ಗಂಟೆ, ಒಂದು ಸಿನಿಮಾ ಇಳಿಯಲು ಒಂದು ವಾರ. ಅಷ್ಟು ಹೊತ್ತು ಫೋನು ಹಿಡಿದು ಕೂರಲು ಯಾರಿಗೆ ಪುರುಸೊತ್ತು? ಕಳ್ಳು ಇಳಿಸಬೇಕು, ಗೆಡ್ಡೆಯ ಹೊಂಡಕ್ಕೆ ಎಲೆಗೊಬ್ಬರ ಹಾಕಬೇಕು, ಮೀನಿಗೆ ಹೋಗಬೇಕು.

ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ ತೆಬೋರಾಳಿಗೆ ಕೆಲಸ ಹುಟ್ಟಿದ್ದು ಹೀಗೆ. ಐವತ್ತು ವರ್ಷ, ಅಗಲ ಬೆನ್ನು, ಮುಂದಿನ ಒಂದು ಹಲ್ಲು ಇಲ್ಲ. ಶಾಲೆಯ ಗೋಡೆಗೆ ಅಂಟಿಕೊಂಡ, ಸುತ್ತ ತೆರೆದ ಅಟ್ಟಣೆಯ ಗುಡಿಸಲು ಅವಳದು. ಅದರೊಳಗೆ ಅವಳೇ ಹೆಣೆದ ಚಾಪೆ ಹಾಸಿದೆ. ಬೆಳಗ್ಗೆ ಜನ ಬಂದು ಫೋನು ಅದರ ಮೇಲಿಟ್ಟು ಹೋಗುತ್ತಾರೆ, ಸಂಜೆ ಒಯ್ಯುತ್ತಾರೆ. ಕೂಲಿ ಇಲ್ಲ. ಯಾರಾದರೂ ಒಂದು ಮೀನು, ಒಂದು ಸೀಸೆ ಕಳ್ಳಿನ ಪಾಕ ಕೊಟ್ಟರೆ ಬೇಡ ಎನ್ನುವವಳೂ ಅಲ್ಲ.

ಮೊದಮೊದಲು ಯಾರ ಫೋನಿಗೂ ಏನೂ ಪೂರ್ತಿ ಇಳಿಯುತ್ತಿರಲಿಲ್ಲ. ನಾನು ತಟ್ಟೆಯನ್ನೇ ಬೈದೆ. ತಪ್ಪು ಹುಡುಕಿದವಳು ತೆಬೋರಾ. ನಮ್ಮವರಿಗೆ ಬ್ಯಾಟರಿ ಎಂದರೆ ಕುಡಿಯುವ ನೀರಿದ್ದ ಹಾಗೆ, ಒಂದು ಹನಿ ಚೆಲ್ಲಬಾರದು. ಫೋನು ಕೆಳಗಿಡುವ ಮೊದಲು ತೆರೆದ ಆಪುಗಳನ್ನೆಲ್ಲ ಒಂದೊಂದಾಗಿ ಬೆರಳಲ್ಲಿ ಮೇಲಕ್ಕೆ ತಳ್ಳಿ ಎಸೆಯುವುದು ಇಡೀ ದ್ವೀಪದ ಶಿಸ್ತು. ಹಾಗೆ ಎಸೆದೊಡನೆ ಹಿಂದೆ ನಡೆಯುತ್ತಿದ್ದ ಇಳಿಸುವ ಕೆಲಸವೂ ಸತ್ತುಹೋಗುತ್ತಿತ್ತು.

"ಪರದೆ ಆರಿಸ್ರೋ, ಯಾರು ಬೇಡ ಅಂದ್ರು?" ಎಂದು ತೆಬೋರಾ ಊರ ಸಭೆಯ ನಡುವೆ ನಿಂತು ಕೂಗಿದಳು. "ಆಪ್ ಎಸೀಬೇಡಿ. ಅನ್ನದ ಪಾತ್ರೆಗೆ ಮುಚ್ಚಳ ಹಾಕೋದು ಬೇರೆ, ಒಲೆಗೆ ನೀರು ಹುಯ್ಯೋದು ಬೇರೆ. ಮುಖ ಮಲಗಿದ್ರೂ ಒಳಗಡೆ ಕೆಲ್ಸ ನಡೀತಿರುತ್ತೆ."

ಅಂದಿನಿಂದ ಅವಳದೇ ಕಾನೂನು. ಫೋನು ಬೋರಲಾಗಿರಬೇಕು. ಅವಳ ಹೊರತು ಯಾರೂ ಮುಟ್ಟಬಾರದು. ಒಂದೊಂದರ ಬೆನ್ನ ಮೇಲೂ ಒಂದು ಕವಡೆ: ಕೆಲಸ ನಡೆಯುತ್ತಿದ್ದರೆ ಬಾಯಿ ಕೆಳಗೆ, ಮುಗಿದಿದ್ದರೆ ಬಾಯಿ ಮೇಲೆ. ನಮ್ಮಲ್ಲಿ ನೆಂಟರು ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ, ಮತ್ತು ದ್ವೀಪದಲ್ಲಿ ನೆಂಟರಲ್ಲದವರಿಲ್ಲ. ಇಳಿಯುತ್ತಿರುವ ಫೋನನ್ನೇ ಯಾರೋ ಸೋದರಳಿಯ ಬಂದು ಕೇಳಿದರೆ ಏನು ಗತಿ? ಅದಕ್ಕೂ ಅವಳು ದಾರಿ ಕಂಡುಕೊಂಡಿದ್ದಳು. "ಚಾಪೆ ಮೇಲಿರೋದು ಚಾಪೇದು. ಕೇಳೋದಿದ್ರೆ ಚಾಪೇನ ಕೇಳು," ಎನ್ನುತ್ತಿದ್ದಳು. ಅಳಿಯಂದಿರು ಚಾಪೆಯ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು.

ನನಗೆ ಮಾತ್ರ ಮಧ್ಯಾಹ್ನ ಆ ಕಡೆ ಹಾಯುವುದು ಎಂದೂ ಹಿಡಿಸಲಿಲ್ಲ. ಬಿಸಿಲಿಗೆ ಊರು ಬಿಳುಚಿಕೊಂಡು ಬಿದ್ದಿರುತ್ತದೆ, ಎಲೆ ಅಲುಗುವುದಿಲ್ಲ. ಚಾಪೆಯ ಮೇಲೆ ಇಪ್ಪತ್ತು ಮೂವತ್ತು ಫೋನು ಬೋರಲು ಮಲಗಿರುತ್ತವೆ. ಒಮ್ಮೆಲೇ ಒಂದರ ಅಂಚಿನಿಂದ ಬೆಳಕು ಒಸರುತ್ತದೆ, ತುಸು ನಡುಗುತ್ತದೆ, ಆರುತ್ತದೆ. ಆಮೇಲೆ ಇನ್ನೊಂದು. ಒಡೆಯನಿರುವುದಿಲ್ಲ, ಅವನು ಹೇಳಿಹೋದ ಕೆಲಸ ಮಾತ್ರ ನಡೆಯುತ್ತಿರುತ್ತದೆ.

ನಮ್ಮದು ಉತ್ತರದ ಕೊನೆಯ ದ್ವೀಪ ಬೇರೆ. ದಕ್ಷಿಣದ ಯಾವ ದ್ವೀಪದಲ್ಲಿ ಯಾರು ಸತ್ತರೂ ನಮ್ಮೂರನ್ನೇ ಹಾದು ಉತ್ತರದ ತುದಿಗೆ ಹೋಗಬೇಕು. ಅಲ್ಲಿ ಸತ್ತವರ ಲೋಕದ ಕಾವಲುಗಾರ ನಕಾ ಬಲೆ ಹೆಣೆಯುತ್ತ ಬಾಗಿಲಲ್ಲಿ ಕೂತಿದ್ದಾನೆ. ಮಧ್ಯಾಹ್ನದ ದಾರಿಯಲ್ಲಿ ಗುರುತಿಲ್ಲದವರು ಸಿಕ್ಕರೆ 'ಎಲ್ಲಿಗೆ' ಎಂದು ಕೇಳಬಾರದೆಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಸತ್ತವರಿಗೆ ದಾರಿ ಸರಾಗವಾಗಲೆಂದು ಮೂರು ಸಂಜೆ ಊರವರೆಲ್ಲ ಸೇರಿ ತೆಂಗಿನ ಗರಿಯ ದಿಂಡಿನಿಂದ ನೆಲ ಬಡಿಯುತ್ತ ದಕ್ಷಿಣದಿಂದ ಉತ್ತರಕ್ಕೆ ಊರನ್ನು ಗುಡಿಸುತ್ತೇವೆ. ಅದು ಬೊಮಾಕಿ. ಪಾದ್ರಿಗಳು ಆ ಮೂರು ಸಂಜೆ ಪಕ್ಕದ ಪುಟ್ಟ ದ್ವೀಪಕ್ಕೆ ಪ್ರಾರ್ಥನೆ ಮಾಡಿಸಲು ಹೋಗಿರುತ್ತಾರೆ. ಒಳ್ಳೆಯ ಮನುಷ್ಯ.

ಈಗ ಬಕೋವಾನ ವಿಷಯ. ಮೂವತ್ತನಾಲ್ಕರ ಬೆಸ್ತ, ಬಾಯಿಬಡುಕ. ಹೆಂಡತಿ ಮಾರೇವಾ ತಂಗಿಯ ಬಾಣಂತನಕ್ಕೆಂದು ತರಾವಾಕ್ಕೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಇವನು ಮನೆಗೆ ಹೊಸ ಸೂರು ಹೊದಿಸಿ, ಅದನ್ನು ಫೋನಿನಲ್ಲಿ ಹಿಡಿದು, ಅವಳಿಗೆ ಕಳಿಸಲು ಒಂದು ವಾರದಿಂದ ದಿನಾ ಚಾಪೆಗೆ ಬರುತ್ತಿದ್ದ. ಅವರಿಬ್ಬರ ಫೋನಿನಲ್ಲಿದ್ದ ಆಪು ತುಂಡುತುಂಡಾಗಿ ಕಳಿಸುವಂಥದ್ದು. ಇಲ್ಲಿ ಎಷ್ಟು ಹೋಯಿತೋ ಅಲ್ಲಿ ಅಷ್ಟು ಕೂಡುತ್ತದೆ, ನೂರಕ್ಕೆ ಎಷ್ಟಾಯಿತೆಂದು ಎರಡೂ ಕಡೆ ಅಂಕಿ ಕಾಣುತ್ತದೆ. ಕೊನೆಯ ದಿನ ಬೆಳಗ್ಗೆ ನಾನು ಅಲ್ಲೇ ಪಕ್ಕದಲ್ಲಿ ಯಾರದೋ ಮೀನಿಗೆ ಪಾಲು ಕೇಳುತ್ತ ನಿಂತಿದ್ದೆ.

"ಅಕ್ಕಾ, ನಲವತ್ತಾಗಿದೆ. ಮೀನು ಬಂದಿದ್ಯಂತೆ, ಹೊರಟೆ. ಉಳಿದಿದ್ದು ನಾಳೆ," ಎಂದು ಬಕೋವಾ ಫೋನು ಎತ್ತಿಕೊಂಡ.

"ಬಿಟ್ಟು ಹೋಗೋ ಅದನ್ನ. ಮೀನಿಗೇನು ನಿನ್ನ ಸೂರು ತೋರಿಸ್ತೀಯಾ?" ಎಂದಳು ತೆಬೋರಾ.

"ದೊಡ್ಡದು ಸಿಕ್ರೆ ಫೋಟೋ ಬೇಡ್ವಾ? ಹೋದ ಸಲ ಹೇಳಿದ್ದಕ್ಕೆ ಊರೆಲ್ಲ ನಕ್ತು. ಈ ರೇಡಿಯೋ ಅಂತೂ ಇನ್ನೂ ನಗ್ತಿದ್ದಾನೆ."

"ಸರಿ. ಆಪ್ ಮಾತ್ರ ಎಸೀಬೇಡ. ದಾರಿ ಸಿಕ್ಕಿದ ತಕ್ಷಣ ಅದು ಬಿಟ್ಟಲ್ಲಿಂದ ಶುರು ಮಾಡುತ್ತೆ. ನೀನು ಮರೆತ್ರೂ ಅದು ಮರೆಯಲ್ಲ."

ಅವನು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದ. ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಹುಡುಕುವ ವಿಮಾನ ಎರಡು ದಿನ ಸುತ್ತಿ ಹೋಯಿತು. ನಾನು ಜೇಡವನ್ನು ಎಬ್ಬಿಸಿ ರೇಡಿಯೋದಲ್ಲಿ ದಿನಾ ಕೂಗಿದೆ: ನೀಲಿ ದೋಣಿ, ಬಿಳಿ ಪಟ್ಟೆ, ಒಬ್ಬನೇ ಮನುಷ್ಯ. ಒಂಬತ್ತನೆಯ ದಿನ ಮಾರೇವಾ ಹಡಗಿನಲ್ಲಿ ಬಂದಿಳಿದಳು. ಮನೆಗೂ ಹೋಗದೆ ನೇರ ಚಾಪೆಗೆ ಬಂದು ತನ್ನ ಫೋನು ಕೊಟ್ಟಳು. ಅದರಲ್ಲಿ 'ನಲವತ್ತು, ಕಳಿಸುವವರಿಗಾಗಿ ಕಾಯುತ್ತಿದೆ' ಎಂದಿತ್ತು. ತೆಬೋರಾ ಅದನ್ನು ಬೋರಲು ಮಲಗಿಸಿ ಕವಡೆ ಇಟ್ಟಳು, ಬಾಯಿ ಕೆಳಗೆ.

ತಿಂಗಳಾಯಿತು. ಹಿರಿಯರು ಬೊಮಾಕಿ ಮಾಡೋಣ ಎಂದರು. ಮಾರೇವಾ ಒಪ್ಪಲಿಲ್ಲ. ಅವಳ ಸಂಕಟ ಎಲ್ಲರಿಗೂ ಗೊತ್ತಿತ್ತು. ಬದುಕಿರುವವನ ದಾರಿ ಗುಡಿಸಿದರೆ ಅವನು ಮತ್ತೆ ಈ ಕಡೆ ಬರುವುದಿಲ್ಲ. ಸತ್ತವನ ದಾರಿ ಗುಡಿಸದಿದ್ದರೆ ಅವನು ಆ ಕಡೆ ಸೇರುವುದಿಲ್ಲ. ಎರಡರಲ್ಲಿ ಯಾವುದು ತಪ್ಪಿದರೂ ಮಾಡಿದವಳು ಅವಳೇ ಆಗುತ್ತಾಳೆ.

ಮೂವತ್ತೆಂಟನೆಯ ದಿನ ಮಧ್ಯಾಹ್ನ ತೆಬೋರಾ ಓಡುತ್ತ ನನ್ನ ಕಚೇರಿಗೆ ಬಂದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ರೇಡಿಯೋ, ಏಳು."

"ಎದ್ದೇ ಇದ್ದೀನಿ."

"ಗೊರಕೆ ಹೊಡ್ಕೊಂಡಾ? ಏಳು ಮಾರಾಯ. ನಲವತ್ತೊಂದಾಯ್ತು."

"ಯಾರಿಗೆ?"

"ಮಾರೇವಾ ಫೋನು. ನಲವತ್ತಿದ್ದದ್ದು ನಲವತ್ತೊಂದಾಗಿದೆ."

ಹೋಗಿ ನೋಡಿದೆ. ನೋಡುತ್ತಿದ್ದ ಹಾಗೇ ನಲವತ್ತೆರಡಾಯಿತು. ಬಿಸಿಲಿನಲ್ಲಿ ನನ್ನ ಮೈಮೇಲಿನ ಕೂದಲು ನಿಂತಿತು, ಅದೂ ತಲೆಯ ಮೇಲೆ ಇಲ್ಲದವನಿಗೆ. ಈ ಅಂಕಿ ಏರಬೇಕಾದರೆ ಬಕೋವಾನ ಫೋನು ಎಲ್ಲೋ ಎದ್ದಿರಬೇಕು. ಅದಕ್ಕೆ ಯಾರೋ ಕರೆಂಟು ಕೊಟ್ಟಿರಬೇಕು, ದಾರಿಯೂ ಸಿಕ್ಕಿರಬೇಕು.

"ಬದುಕಿದ್ದಾನೆ," ಎಂದಳು ಮಾರೇವಾ.

"ಫೋನು ಬದುಕಿದೆ," ಎಂದಳು ತೆಬೋರಾ. ಮಾರೇವಾ ಅವಳ ಮುಖ ನೋಡಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಮಾತ್ರ ಏಳೆಂಟು ಅಂಕಿ ಏರುತ್ತಿತ್ತು, ಎರಡು ಗಂಟೆಗೆ ನಿಲ್ಲುತ್ತಿತ್ತು. ಊರಲ್ಲಿ ಮಧ್ಯಾಹ್ನದ ನಿದ್ದೆ ಹೋಯಿತು. ಜನ ಚಾಪೆಯ ಸುತ್ತ ಕುಕ್ಕರುಗಾಲಲ್ಲಿ ಕೂತು, ಉಸಿರು ಹಿಡಿದು, ಬೋರಲು ಬಿದ್ದ ಒಂದು ಫೋನನ್ನು ನೋಡುತ್ತಿದ್ದರು. ಅದು ನಡುಗಿದಾಗ ಎಲ್ಲರೂ ಒಟ್ಟಿಗೆ ಸ್ವಲ್ಪ ಹಿಂದೆ ಸರಿಯುತ್ತಿದ್ದರು.

"ನಿನಗೆ ಬಾಯಿದೆಯಲ್ಲ, ಉತ್ತರದ ಕಡೆ ಕೇಳು," ಎಂದು ತೆಬೋರಾ ನನ್ನನ್ನು ಅಟ್ಟಿದಳು. ಆರು ವರ್ಷದ ಮೇಲೆ ಊರಿಗೆ ನಾನು ಬೇಕಾದೆ! ಇಸ್ತ್ರಿ ಅಂಗಿ ಹಾಕಿಕೊಂಡು ಮಾರ್ಷಲ್ ದ್ವೀಪಗಳ ಒಂದೊಂದೇ ಹವಳದಿಬ್ಬವನ್ನು ಕರೆದೆ. ಎಂಟನೆಯ ಮಧ್ಯಾಹ್ನ, ಒಂದು ಪುಟ್ಟ ದಿಬ್ಬದ ಶಾಲೆಯಲ್ಲಿದ್ದ ರೇಡಿಯೋದವನು ಉತ್ತರ ಕೊಟ್ಟ. ನೀಲಿ ದೋಣಿ ತೇಲಿ ಬಂದಿದೆ, ಬಿಳಿ ಪಟ್ಟೆ ಇದೆ, ಒಳಗೆ ಯಾರೂ ಇಲ್ಲ. ಸೌದೆ ಆಯಲು ಹೋದ ಹೆಂಗಸಿಗೆ ಚೀಲದಲ್ಲಿ ಫೋನು ಸಿಕ್ಕಿತು. ಶಾಲೆಯ ಪಕ್ಕ ಅವಳ ಮನೆ. ಯಾರದೆಂದು ನೋಡೋಣವೆಂದು ದಿನಾ ಬಿಸಿಲಿಗೆ ಚಾರ್ಜಿಗಿಡುತ್ತಾಳೆ, ಭಾಷೆ ತಿಳಿಯುವುದಿಲ್ಲ. ಈಗ ಇಲ್ಲೇ ನನ್ನ ಪಕ್ಕ ಫೋನು ಹಿಡಿದು ನಿಂತಿದ್ದಾಳೆ, ಎಂದ ಅವನು.

ಆಗ ನನಗೆ ತಿಳಿಯಿತು. ಆ ದಾನಿಗಳು ಎಲ್ಲ ದ್ವೀಪಗಳ ಶಾಲೆಗೂ ಒಂದೇ ತಟ್ಟೆ, ಒಂದೇ ಹೆಸರು, ಒಂದೇ ಗುಟ್ಟಿನ ಪದ ಕೊಟ್ಟು ಹೋಗಿದ್ದರು. ಫೋನಿಗೆ ಅದು ಬೇರೆ ಊರೆಂದು ಗೊತ್ತೇ ಆಗಿರಲಿಲ್ಲ. ತೆಬೋರಾಳ ಚಾಪೆಗೆ ಬಂದೆ ಎಂದುಕೊಂಡು ಬಿಟ್ಟ ಕೆಲಸ ಶುರು ಮಾಡಿತ್ತು.

ನಮ್ಮಲ್ಲಿ ಸತ್ತವನ ವಸ್ತುವನ್ನು ದುಡಿಸಬಾರದು. ಅವನ ಚಾಕು ಕೊಯ್ಯಬಾರದು, ಅವನ ಬಲೆ ಹಿಡಿಯಬಾರದು. ಅವಕ್ಕೂ ವಿಶ್ರಾಂತಿ ಬೇಕು. ಹೀಗಾಗಿ ನಾನು ಗಂಟಲು ಸರಿಮಾಡಿಕೊಂಡು, ಬಿಷಪ್ಪರಿಗೂ ಬಾರದ ಗಾಂಭೀರ್ಯದಿಂದ ಹೇಳಿದೆ: "ಅದು ತೀರಿಕೊಂಡವನದು. ದಯವಿಟ್ಟು ಈಗಲೇ ಆರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಮರ್ಯಾದೆಯಿಂದ ಕಳಿಸಿಕೊಡಿ." ಅತ್ತ ಅವನು ಹೇಳಿದ, ಅವಳು ಆರಿಸಿದಳು. ನನ್ನ ಮಾತಿಗೆ ನಾನೇ ಸ್ವಲ್ಪ ಕಣ್ಣೀರು ಹಾಕಿದೆ.

ಸುದ್ದಿ ಹೇಳಲು ನಿಧಾನವಾಗಿ, ಹಿರಿಯರು ನಡೆಯುವ ಹಾಗೆ ನಡೆದು ಚಾಪೆಗೆ ಹೋದೆ. ಅಲ್ಲಿ ಎಲ್ಲರೂ ಮಾರೇವಾಳ ಫೋನಿನ ಮೇಲೆ ಬಾಗಿದ್ದರು. ಸೂರಿನ ವಿಡಿಯೋ ನೂರು ಮುಟ್ಟಿತ್ತಂತೆ. ಅದನ್ನು ನೋಡಿದ್ದರು: ಬಕೋವಾ ಏಣಿಯಿಂದ ಇಳಿದು, "ಸೋರಿದ್ರೆ ಕೇಳು," ಎಂದು ನಗುತ್ತಾನೆ. ಅದು ಮುಗಿದೊಡನೆ ಕೆಳಗೆ ಇನ್ನೊಂದು ಸಾಲು ತಾನಾಗಿ ಮೂಡಿತ್ತು. ಸರದಿಯಲ್ಲಿ ಹಿಂದೆ ನಿಂತಿದ್ದ ಎರಡನೆಯ ವಿಡಿಯೋ. ಚಿಕ್ಕದು, ಬೇಗ ಬೇಗ ಬಂದಿತ್ತು. ಅದರ ಮೇಲಿನ ತಾರೀಕು ಬಕೋವಾ ಕಡಲಿಗೆ ಹೋದ ಹತ್ತೊಂಬತ್ತನೆಯ ದಿನದ್ದು.

"ಅರವತ್ತೆರಡಕ್ಕೆ ನಿಂತಿದೆ," ಎಂದಳು ಮಾರೇವಾ. "ಈಗ ತಾನೇ. ಹತ್ತು ನಿಮಿಷ ಆಯ್ತು."

ಹತ್ತು ನಿಮಿಷದ ಹಿಂದೆಯೇ ನಾನು ರೇಡಿಯೋದಲ್ಲಿ ಆರಿಸಿ ಎಂದದ್ದು. ಹೇಳದೆ ಇರಬಹುದಿತ್ತು, ಆದರೆ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ? ಎಲ್ಲ ಹೇಳಿದೆ. ಮಾರೇವಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಇಪ್ಪತ್ತಾರು ವರ್ಷ ನೀನು ಬಾಯಿ ತೆರೆದಿದ್ದೆ," ಎಂದಳು ತೆಬೋರಾ. "ಒಂದು ಮಧ್ಯಾಹ್ನ ಮುಚ್ಕೊಂಡಿದ್ರೆ ಆಗ್ತಿತ್ತು."

"ಬಂದಷ್ಟನ್ನಾದ್ರೂ ನೋಡಬಹುದಲ್ಲ," ಎಂದೆ.

"ಪೂರ್ತಿ ಬರೋ ತನಕ ಅದು ಬಾಯಿ ಬಿಡಲ್ಲ. ಅಷ್ಟು ಬುದ್ಧಿ ಅದಕ್ಕಾದ್ರೂ ಇದೆ."

ಮರುದಿನ ರೇಡಿಯೋ ಹಿಡಿದು ಆರಿಸಬೇಡಿ, ಮತ್ತೆ ಹಚ್ಚಿ ಎಂದು ಬೇಡಿಕೊಂಡೆ. ಅತ್ತಲಿನವನು, "ನಿಮ್ಮ ಮಾತು ಎಷ್ಟು ಚೆನ್ನಾಗಿತ್ತೆಂದರೆ, ಆಯಮ್ಮ ಅವತ್ತೇ ಕೊಬ್ಬರಿ ಹಡಗಿಗೆ ಕೊಟ್ಟುಬಿಟ್ಟಳು," ಎಂದ. ಕೊಬ್ಬರಿ ಹಡಗು ಎಂದರೆ ಹತ್ತು ವಾರ.

ಆ ಹತ್ತು ವಾರ ತೆಬೋರಾ ಚಾಪೆ ಬಿಟ್ಟು ಏಳಲಿಲ್ಲ. ಮಾರೇವಾಳ ಫೋನು ತುಂಬಿಹೋಗಿತ್ತು. 'ಜಾಗವಿಲ್ಲ, ಬೇಡದ್ದನ್ನು ತೆಗೆದುಹಾಕಲೇ?' ಎಂದು ಅದು ದಿನಾ ಕೇಳುತ್ತಿತ್ತು. ಹೂಂ ಎಂದರೆ ಮೊದಲು ಹೋಗುವುದು ಅರ್ಧಕ್ಕೆ ನಿಂತ ತುಂಡೇ. ದಿನಾ ತೆಬೋರಾ ಬೇಡ ಎಂದು ಒತ್ತುತ್ತಿದ್ದಳು. ಜಾಗ ಮಾಡಲು ಮಾರೇವಾ ತನ್ನ ಚಿತ್ರಗಳನ್ನು ಒಂದೊಂದಾಗಿ ಅಳಿಸಿದಳು. ಹಬ್ಬದ್ದು, ತಂಗಿಯ ಮಗುವಿನದು, ಕೊನೆಗೆ ಮದುವೆಯದ್ದೂ. ಹಿರಿಯರು ಬೊಮಾಕಿ ಎಂದರೆ, "ಅವನು ಏನೋ ಹೇಳಿದ್ದಾನೆ. ಕೇಳದೆ ಗುಡಿಸಲ್ಲ," ಎನ್ನುತ್ತಿದ್ದಳು. ಆ ದಿನಗಳಲ್ಲಿ ಮಧ್ಯಾಹ್ನ ನಾಯಿಗಳು ಮಲಗುವುದನ್ನು ಬಿಟ್ಟವು. ಖಾಲಿ ದಾರಿಯನ್ನು ನೋಡುತ್ತ, ತಲೆಯನ್ನು ದಕ್ಷಿಣದಿಂದ ಉತ್ತರಕ್ಕೆ ಮೆಲ್ಲಗೆ ತಿರುಗಿಸುತ್ತಿದ್ದವು.

ಫೋನು ಬಂತು. ಬಿಳಿ ಬಟ್ಟೆ, ಜೊತೆಗೆ ಆ ಹೆಂಗಸು ಕಟ್ಟಿದ ಚಿಪ್ಪಿನ ಸರ. ಗುಂಡಿ ಒತ್ತಿದರೆ ಗಾಜು ಕಪ್ಪಾಗಿಯೇ ಉಳಿಯಿತು, ಉಪ್ಪು ಒಳಗಿಳಿದಿತ್ತು. ನಾನು ಮತ್ತೆ ಒತ್ತಲು ಹೋದೆ.

"ಕೈ ತೆಗಿ," ಎಂದಳು ತೆಬೋರಾ. "ಮುಖ ಸತ್ತಿದೆ. ಒಳಗಿಂದು ಯಾರಿಗೆ ಗೊತ್ತು?"

ಅವಳು ಅದಕ್ಕೆ ಚಾರ್ಜರು ಚುಚ್ಚಿ, ಮಾರೇವಾಳ ಫೋನಿನ ಪಕ್ಕದಲ್ಲಿ, ಗಂಡ ಹೆಂಡತಿಯನ್ನು ಮಲಗಿಸುವ ಹಾಗೆ ಬೋರಲು ಮಲಗಿಸಿದಳು. ಎರಡಕ್ಕೂ ಒಂದೊಂದು ಕವಡೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ. ಮೂರನೆಯ ಮಧ್ಯಾಹ್ನ ಕಪ್ಪು ಫೋನು ಬೆಳಕಿಲ್ಲದೆ ಒಮ್ಮೆ ನಡುಗಿತು. ಪಕ್ಕದ್ದು ಅದಕ್ಕೆ ಉತ್ತರವಾಗಿ ನಡುಗಿತು.

ಮಾರೇವಾ ತನ್ನದನ್ನು ತಿರುಗಿಸಿ ನೋಡಿದಳು. ಅರವತ್ತಮೂರು.

ನೂರು ಮುಟ್ಟಲು ಒಂದೂವರೆ ಗಂಟೆ. ಆಮೇಲೆ ಬಿಳಿ ಆಕಾಶ, ದೋಣಿಯ ಅಂಚು, ಅದರ ಕೆಳಗೆ ಬಕೋವಾನ ಅರ್ಧ ಮುಖ ಕಂಡಿತು. ತುಟಿ ಸುಲಿದುಹೋಗಿತ್ತು, ಆದರೆ ಧ್ವನಿ ಅವನದೇ, ಅದೇ ಬಾಯಿಬಡುಕ.

"ಮಾರೇವಾ, ಹತ್ತೊಂಬತ್ತು ದಿನ ಆಯ್ತು. ಬ್ಯಾಟ್ರಿ ಇಷ್ಟು ದಿನ ಉಳಿಸಿದ್ದು ಇದಕ್ಕೇ. ದಾರಿ ಇಲ್ಲ ಅಂತಿದೆ, ಆದ್ರೂ 'ಕಳಿಸು' ಒತ್ತೀನಿ. ಮುಚ್ಚದಿದ್ರೆ ತಾನೇ ಹೋಗುತ್ತೆ ಅಂತ ತೆಬೋರಕ್ಕ ಹೇಳಿದ್ದಾಳಲ್ಲ. ಕೇಳು. ಮೂರು ದಿನದಿಂದ ದೋಣಿ ಪಕ್ಕ ಜನ ನಡೀತಿದ್ದಾರೆ, ನೀರಿನ ಮೇಲೆ, ನಡು ಮಧ್ಯಾಹ್ನ. ಎಲ್ಲಾರೂ ನಮ್ಮೂರ ಕಡೆಗೇ. ರೇಡಿಯೋ ಅಣ್ಣನ ಅಪ್ಪನೂ ಇದ್ದಾನೆ, ಕುಂಟ್ತಾ ಹಿಂದೆ ಉಳಿದಿದ್ದಾನೆ. 'ನನ್ ಮಗ ಇನ್ನೂ ಆ ಡಬ್ಬಕ್ಕೇ ಮಾತಾಡ್ತಾನಾ' ಅಂತ ಕೇಳ್ದ. ನಾನೂ ಬರ್ತೀನಿ ಅಂದೆ. 'ನಿನ್ನ ದಾರಿ ಗುಡಿಸಿಲ್ಲವಲ್ಲ ಮಗಾ' ಅಂದ್ರು. ಕಾಲಿಟ್ರೆ ಎಲ್ಲಾ ಕಸ ಕಣೇ, ಸಿಕ್ಕೊಳ್ಳುತ್ತೆ. ನೀನು ಕಾಯ್ತಿರ್ತೀಯ ಅಂತ ಗೊತ್ತು. ಕಾಯಬೇಡ, ಗುಡಿಸಿಬಿಡು. ನೀರು ಮೊನ್ನೇನೇ ಮುಗೀತು."

ಅಷ್ಟೇ. ಕೊನೆಯಲ್ಲಿ ಫೋನು ಅವನ ಕೈಯಿಂದ ಜಾರಿ, ಆಕಾಶ ಮಾತ್ರ ಸ್ವಲ್ಪ ಹೊತ್ತು ಕಂಡಿತು.

ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪ ತೀರಿ ಹನ್ನೊಂದು ವರ್ಷವಾಗಿತ್ತು. ಅವನ ಬೊಮಾಕಿಗೆ ಮೂರು ಸಂಜೆಯಲ್ಲಿ ಒಂದಕ್ಕೆ ಮಾತ್ರ ನಾನು ಹೋಗಿದ್ದೆ. ಉಳಿದ ಎರಡು ಸಂಜೆ ಹಡಗಿನ ಸಮಯ ಹೇಳುವ ದೊಡ್ಡ ಕೆಲಸವಿತ್ತು. ಅದನ್ನು ನನ್ನ ಹೊರತು ಎಲ್ಲರೂ ಮರೆತಿದ್ದರು.

ಮಾರೇವಾ ಕಣ್ಣು ಒರೆಸಿಕೊಂಡು ಎದ್ದಳು. "ಇವತ್ತು ಸಂಜೆ," ಎಂದಳು. ಪಾದ್ರಿಗಳು ಆಗಲೇ ದೋಣಿ ಹುಡುಕುತ್ತಿದ್ದರು.

ಮೂರು ಸಂಜೆ ಗುಡಿಸಿದೆವು. ನಾನು ಎರಡು ಕೈಗೂ ಒಂದೊಂದು ದಿಂಡು ಹಿಡಿದು, ಮಾತಾಡದೆ, ಸೊಂಟ ಬೀಳುವ ತನಕ ನೆಲ ಬಡಿದೆ. ಮೂರನೆಯ ಸಂಜೆ ಮಾರೇವಾ ಗುಡಿಸುವುದನ್ನು ಫೋನಿನಲ್ಲಿ ಹಿಡಿದಳು. ಮರುದಿನ ಬೆಳಗ್ಗೆ ಬಕೋವಾನ ಕಪ್ಪು ಫೋನನ್ನು ಉತ್ತರದ ತುದಿಗೆ ಒಯ್ದು ಕಡಲಿಗೆ ಕೊಟ್ಟೆವು. ಮುಳುಗಿತು, ಗುಳ್ಳೆ ಬಂತು.

ಹಿಂದಿರುಗಿ ಬಂದ ಮಾರೇವಾ ಚಾಪೆಯ ಮುಂದೆ ಕೂತು ಆ ವಿಡಿಯೋವನ್ನು ಗಂಡನಿಗೆ ಕಳಿಸಿದಳು. 'ಸೊನ್ನೆ, ಪಡೆಯುವವರಿಗಾಗಿ ಕಾಯುತ್ತಿದೆ' ಎಂದು ಮೂಡಿತು. ನಾನು ಏನೋ ಹೇಳಲು ಬಾಯಿ ತೆರೆದು, ಜೀವನದಲ್ಲಿ ಮೊದಲ ಸಲ ಮುಚ್ಚಿಕೊಂಡೆ. ತೆಬೋರಾ ಫೋನನ್ನು ಬೋರಲು ಮಲಗಿಸಿ ಕವಡೆ ಇಟ್ಟಳು, ಬಾಯಿ ಕೆಳಗೆ.

ಅದಾದ ಮೇಲೆ ನಾನು ಮಧ್ಯಾಹ್ನ ಒಳಕಡಲಿನ ದಂಡೆಯ ಸುತ್ತು ದಾರಿಯಲ್ಲೇ ಓಡಾಡುತ್ತೇನೆ, ನಡೆದರೆ ಹೊಟ್ಟೆ ಕರಗುತ್ತದೆಂದು ಜನರಿಗೆ ಹೇಳುತ್ತೇನೆ. ಆದರೆ ಕಳೆದ ವಾರ ಭರ್ತಿ ಉಬ್ಬರವಿತ್ತು, ದಂಡೆ ಮುಳುಗಿತ್ತು. ಚಾಪೆಯ ಮುಂದೆಯೇ ಹಾಯಬೇಕಾಯಿತು. ಮಾರೇವಾಳ ಫೋನು ಅಲ್ಲೇ ಇತ್ತು. ಅದರ ಬೆನ್ನ ಮೇಲಿನ ಕವಡೆ ಬಾಯಿ ಮೇಲೆ ಮಾಡಿ ಮಲಗಿತ್ತು.

"ನೀನು ತಿರುಗಿಸಿದ್ಯಾ?" ಎಂದು ತೆಬೋರಾಳನ್ನು ಕೇಳಿದೆ.

ಅವಳು ತಲೆಯಾಡಿಸಿದಳು. ಇಲ್ಲ.

"ಗಾಳಿಗೆ ಉರುಳಿರಬೇಕು," ಎಂದೆ.

ತೆಬೋರಾ ಮೇಲೆ ತೆಂಗಿನ ಗರಿಗಳನ್ನು ನೋಡಿದಳು. ಒಂದೂ ಅಲುಗುತ್ತಿರಲಿಲ್ಲ.

"ಇವತ್ತು ಗಾಳಿ ಎಲ್ಲಿದೆ, ರೇಡಿಯೋ?" ಎಂದಳು.